ಬಿಟ್ಟ ಬಟ್ಟೆ

ಫಹಾಹೀಲಿನ ಹಿಂಬದಿ ಗಲ್ಲಿಯಲ್ಲಿ ಹಮ್ಮಬ್ಬನ ಅಂಗಡಿ.
ಇಪ್ಪತ್ತಾರು ವರ್ಷದ ಅಳತೆ ಪುಸ್ತಕಗಳು
ಎಣ್ಣೆ ಡಬ್ಬಿಯ ಪಕ್ಕ, ಬೆನ್ನು ಹರಿದು.

ಮೊದಲೆಲ್ಲ ತಾಯಂದಿರು ಹೇಳುತ್ತಿದ್ದರು:
ಕೆಳಗೆ ಮಡಚಿ ಬಿಡು, ಹುಡುಗ ಉದ್ದ ಆಗ್ತಾನೆ.
ಈಗ ಹೇಳುತ್ತಾರೆ: ಪಕ್ಕದಲ್ಲಿ ಬಿಡು.

ಬದರ್‌ಗೆ ಒಂಬತ್ತು ತುಂಬಿಲ್ಲ.
ಮೆಟ್ಟಿಲು ಮೂರೇ; ಮೂರನೆಯದರಲ್ಲಿ ನಿಂತು
ಹಿಂದುಳಿದ ಉಸಿರಿಗೆ ಕಾಯುತ್ತಾನೆ.
ಟೇಪು ಸುತ್ತಿದರೆ ಹೊಟ್ಟೆ ಒಳಗೆಳೆದು ಕಣ್ಣು ಮುಚ್ಚುತ್ತಾನೆ.
ಹಮ್ಮಬ್ಬ ಅಂಕಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ.
ಇವನ ಅಪ್ಪನ ಮದುವೆಯ ದಿಶ್‌ದಾಶಾಕ್ಕೂ ಅಷ್ಟೇ ಇತ್ತು.

ಹೊರಗೆ ನಲವತ್ತೆಂಟು ಡಿಗ್ರಿ.
ಆ ಬಿಸಿಲಲ್ಲಿ ಓಡುವವನು ಡೆಲಿವರಿ ಬೈಕಿನವನೊಬ್ಬನೇ,
ಯಾರದೋ ಬರ್ಗರು ಬೆನ್ನಿಗೆ ಹೊತ್ತು.

ಹಮ್ಮಬ್ಬನೇನು ಕಮ್ಮಿ?
ಹದಿನಾಲ್ಕು ಗಂಟೆ ಸ್ಟೂಲು, ಡಬ್ಬಿ ಹಾಲಿನ ಆರು ಚಾ,
ನಡುರಾತ್ರಿಯ ಪರೋಟ.
ಊರಿಗೆ ಹೋದರೆ ಬೀಗರು ತಟ್ಟಿ ಮೆಚ್ಚುತ್ತಿದ್ದರು:
ಗಲ್ಫಿನ ಹೊಟ್ಟೆ ಮಾರಾಯ!

ಇವತ್ತು ನೆಲಕ್ಕೆ ಜಾರಿದ ಬಿಳಿ ಬಟ್ಟೆಯಲ್ಲಿ ಕೆಂಪು ಚುಕ್ಕೆ.
ತನ್ನ ಬೆರಳು ನೋಡಿಕೊಂಡ, ಹುಡುಗನ ಕೈ ನೋಡಿದ.
ಬದರ್ ಬಗ್ಗಲಾರದೆ ಬಗ್ಗಿ ತೋರಿಸಿದ:
ಹಮ್ಮಬ್ಬನ ಅಂಗಾಲಿನಲ್ಲಿ ಗುಂಡುಪಿನ್ನು,
ತಲೆಯವರೆಗೂ ಹೊಕ್ಕು.
ಬೆಳಿಗ್ಗೆಯಿಂದ ಇತ್ತೋ, ನಿನ್ನೆಯಿಂದಲೋ.

ಕಿತ್ತು, ಒರೆಸಿ, ಡಬ್ಬಿಗೆ ಹಾಕಿದ.
ನಿನಗೆ ಚುಚ್ಚಿದರೆ ನೋಯುತ್ತದಲ್ಲ? ಕೇಳಿದ.
ಹುಡುಗ ಹೆದರಿ ತಲೆಯಾಡಿಸಿದ.
ನೋಯಲಿ, ಎಂದ ಹಮ್ಮಬ್ಬ, ಒಳ್ಳೆಯದು.

ಆಮೇಲೆ ಕತ್ತರಿ ಹಿಡಿದು
ಪಕ್ಕದಲ್ಲಿ ಎರಡಿಂಚು ಬಿಟ್ಟ, ತಾಯಿ ಹೇಳಿದಂತೆ.
ಕೆಳಗೂ ನಾಲ್ಕಿಂಚು,
ಯಾರೂ ಹೇಳದೆ.