ಒಂದು ಬೆರಳು

ಸೊಲ್ಯಾನದ ಗಿರಣಿಯಿಂದ ಚೀಲ ಬಂದಿದೆ,
ಒಳಗೆ ಬರೀ ಹೊಟ್ಟು.
ಅಕ್ಕಿ ವಲೆನ್ಸಿಯಾದ ಬಾಣಲೆಗಳಿಗೆ ಹೋಯಿತು,
ಕೇರಿ ತೂರಿದ ಮೇಲೆ ಉಳಿದದ್ದು ನನ್ನ ಪಾಲು.
ಕೈ ಹಾಕಿದರೆ ತರಚುತ್ತದೆ:
ಕೆರೆಯ ಕೆಸರಿನಿಂದ ಭತ್ತ ಗುಟ್ಟಾಗಿ ಹೀರಿದ ಮರಳು,
ಕಾಳಿಗೆಂದು ನೇಯ್ದ ಗಾಜಿನಂಗಿ.

ಆಮ್ಲದಲ್ಲಿ ತೊಳೆ, ಆರುನೂರು ಡಿಗ್ರಿಯಲ್ಲಿ ಸುಡು.
ಬಿಳಿ ಬೂದಿ.
ಕ್ಷಾರದಲ್ಲಿ ಕರಗಿಸು, ಸಾಬೂನಿನಂಥ ಪುಡಿ ಬೆರೆಸು.
ಪುಡಿ ಕಣ್ಣಿಗೆ ಕಾಣದ ಕಡ್ಡಿಗಳಾಗಿ ಸಾಲುಗಟ್ಟುತ್ತದೆ,
ಸುತ್ತ ಗಾಜು ಹೆಪ್ಪಾಗುತ್ತದೆ.
ಮತ್ತೆ ಸುಡು.
ಕಡ್ಡಿ ಉರಿದು ಹೋಗುತ್ತದೆ,
ಕಡ್ಡಿ ಇದ್ದ ಜಾಗ ಹೋಗುವುದಿಲ್ಲ.

ಹೀಗೊಂದು ಕಣ, ಕಣದ ತುಂಬ ಬಿಲ.
ಒಂದು ಕೂದಲಿನ ಅಡ್ಡಗಲಕ್ಕೆ ಸಾವಿರ ಕಣ ಮಲಗುತ್ತವೆ.
ಒಂದು ಗ್ರಾಂ ಪುಡಿಯ ಒಳಗೋಡೆಗಳನ್ನು ಬಿಡಿಸಿ ಹಾಸಿದರೆ
ನಮ್ಮೂರ ಅಳತೆಯಲ್ಲಿ ಒಂದು ಅನೆಗಾದ ಗದ್ದೆ
ಬದುವೂ ಸೇರಿ ಮುಚ್ಚುತ್ತದೆ.
ಅಪ್ಪನಿಗೆ ಹೇಳಿದೆ.
"ಅದಕ್ಕೆ ಕಂದಾಯ ಕಟ್ಟುವವರು ಯಾರು?" ಅಂದ.

ಅಪ್ಪ ಬತಿಸ್ತೆ, ನೀರುಗಂಟಿ.
ಅಲ್ಬುಫೇರಾ ಕೆರೆಗೂ ಕಡಲಿಗೂ ನಡುವೆ, ತೂಬಿನ ಮೇಲೆ,
ಮೂವತ್ತೆಂಟು ವರ್ಷ ಕಬ್ಬಿಣದ ಚಕ್ರ ತಿರುಗಿಸಿದವನು.
ಗೇಣು ಎತ್ತಿದರೆ ಮೇಲಿನ ಗದ್ದೆ ಒಣಗೀತು,
ಎತ್ತದಿದ್ದರೆ ತಗ್ಗಿನ ಪೈರು ಕೊಳೆತೀತು.
ಅವನ ಅಳತೆ ಬೆರಳಿನದು.

ಕಳೆದ ಫೆಬ್ರವರಿಯಲ್ಲಿ
ಕೆಂಪು ಔಷಧ ಅವನ ತೋಳಿಗೆ ಇಳಿಯಿತು.
ತೋಳಿನವರೆಗೆ ಹನಿ, ಒಳಗೆ ಹೋದ ಮೇಲೆ ನೆರೆ.
ಗಂಟಿಗೆಂದು ಬಿಟ್ಟದ್ದು ಹುಬ್ಬಿಗೆ ನುಗ್ಗಿತು,
ಉಗುರಿಗೆ, ನಾಲಿಗೆಗೆ, ಏನೂ ತಪ್ಪು ಮಾಡದ ಎದೆಗೆ.
ಅನ್ನ ತಗಡಿನ ಹಾಗಿದೆ ಅಂದ.
"ಯಾವ ದಡ್ಡ ತೂಬು ತೆಗೆದಿದ್ದಾನೆ ಇಲ್ಲಿ?"
ನರ್ಸ್ ಕೇಳಿಸಿಕೊಂಡು ನಕ್ಕಳು.
ಅವನು ನಗಲಿಲ್ಲ.

ನನ್ನ ಮೊದಲ ಪಾಕವೂ ಹಾಗೇ ಕೆಟ್ಟಿತು.
ಬಿಲ ತುಂಬಿ ಕದ ಹಚ್ಚಿದ್ದೆ;
ಹತ್ತು ನಿಮಿಷಕ್ಕೆ ಎಲ್ಲ ಹೊರಗೆ,
ಹಬ್ಬದ ರಾತ್ರಿ ತಿಂಗಳ ಸಂಬಳವನ್ನು
ಪಟಾಕಿಗೆ ಸುರಿದ ನಮ್ಮ ಚಿಮೊ ಭಾವನ ಹಾಗೆ.
ಎರಡನೆಯದಕ್ಕೆ ಅಗುಳಿ ಎಷ್ಟು ಬಿಗಿಯೆಂದರೆ
ಔಷಧ ಒಳಗೇ ಹೂತುಹೋಯಿತು.
ಏಳನೆಯದು ಗರಣೆ ಕಟ್ಟಿತು.
ಹದಿನಾಲ್ಕನೆಯದರ ಬಗ್ಗೆ ಕೇಳಬೇಡಿ.

ಅಪ್ಪನಿಗೆ ಬಿಡಿಸಿ ಹೇಳಿದೆ:
ರಕ್ತದ ದಾರಿಯುದ್ದಕ್ಕೂ ಕದ ಮುಚ್ಚಿರುತ್ತದೆ.
ಗಂಟಿನ ಒಳಗೆ ಹುಳಿ ಜಾಸ್ತಿ,
ಹುಳಿ ಸೋಕಿದರೆ ಅಗುಳಿ ಕರಗುತ್ತದೆ.
ತುಂಬ ಹೊತ್ತು ಸುಮ್ಮನಿದ್ದ.
"ಅಂದರೆ ಕಳ್ಳನೇ ನೀರುಗಂಟಿ."
ಹೂಂ ಅಂದೆ.
"ನನಗೆ ಸಿಗುತ್ತದಾ ಇದು?"
ಇಲಿಗಳಿಗೆ ಇನ್ನೆರಡು ವರ್ಷ. ಮನುಷ್ಯರಿಗೆ,
ಎಂದು ಬೆರಳು ಮಡಚತೊಡಗಿದೆ.
ಅವನು ನನ್ನ ಕೈಯನ್ನು ಮೆಲ್ಲಗೆ ಮುಚ್ಚಿದ.

ಇವತ್ತು ಇಪ್ಪತ್ತೆರಡನೆಯ ಪಾಕ.
ರಾತ್ರಿ ಹನ್ನೊಂದು: ಸೊನ್ನೆ.
ಹನ್ನೊಂದೂವರೆ: ಸೊನ್ನೆ.
ಕಾವಲಿನವನು ಬಂದು ದೀಪ ಆರಿಸಿ,
ನನ್ನನ್ನು ಕಂಡು ಮತ್ತೆ ಹಾಕಿ ಹೋದ.
ಎರಡೂವರೆ: ಸೊನ್ನೆ.
ಸೊನ್ನೆಯ ಮೇಲೆ ಇಷ್ಟು ಆಸೆ ಇಟ್ಟವಳು
ಈ ಊರಲ್ಲಿ ನಾನೊಬ್ಬಳೇ ಇರಬೇಕು.
ಮೂರಕ್ಕೆ ಹುಳಿ ಬಿಟ್ಟೆ.
ನೀರು ನೀರಾಗಿಯೇ ಇತ್ತು.
ನಾಲ್ಕಕ್ಕೆ,
ಹಿಂದೆ ಬಿಳಿ ಕಾಗದ ಹಿಡಿದರೆ ಮಾತ್ರ ಕಾಣುವಷ್ಟು,
ಎಳೆಗೂಸಿನ ಒಸಡಿನ ಬಣ್ಣ.

ಫೋನ್ ಮಾಡಿದೆ. ನೋವು ಅವನನ್ನು ಮಲಗಗೊಟ್ಟಿರುವುದಿಲ್ಲ.
"ಎಷ್ಟು ಎತ್ತಿದೆ, ಎಂಪಾರ್?"
"ಒಂದು ಬೆರಳು."
ಅತ್ತ ಕಡೆ ಉಸಿರು, ಕಿಟಕಿಯಾಚೆ ಕಪ್ಪೆಗಳು.
"ಸಾಕು. ಬೆಳಗಾಗುವವರೆಗೆ ಚಕ್ರ ಮುಟ್ಟಬೇಡ."

ನಾಲ್ಕೂವರೆಗೆ ಇನ್ನೊಂದು ಹನಿ ತೆಗೆದು
ಬರೆದುಕೊಂಡೆ.