ಸೋರಿಕೆ

ನಲವತ್ತು ಸೆಕೆಂಡು ನೀರು ಬೀಳಬೇಕು, ಅಷ್ಟೆ.
ಪ್ಲಾಸ್ಟಿಕ್ ಟ್ಯಾಂಕಿನ ಜಾಹೀರಾತು. ಒಂದೊಂದು ಹನಿಗೂ
ತೂಕ ಎಷ್ಟು, ಯಾವ ಕಡೆ ಹಾರಬೇಕು,
ಪಕ್ಕದ ಹನಿಗೆ ಎಲ್ಲಿ ತಾಗಬೇಕು ಎಂದು
ಗಾಂಧಿ ಬಜಾರಿನ ಜೆರಾಕ್ಸ್ ಅಂಗಡಿಯ ಮೇಲಿನ ರೂಮಿನಲ್ಲಿ
ಲೆಕ್ಕ ಹಾಕುತ್ತಾ ಹಾಕುತ್ತಾ
ಎಂಬತ್ತೇಳು ಡಿಗ್ರಿಗೆ ಏರಿ
ಗ್ರಾಫಿಕ್ಸ್ ಕಾರ್ಡು, ಕಣ್ಣು ಕತ್ತಲೆ ಬಂದವರಂತೆ, ಕುಸಿಯುತ್ತಿತ್ತು.
ಮೂರು ಫ್ಯಾನೂ ಕಿರುಚಿ ಕಿರುಚಿ ಸೋತಿದ್ದವು.
ಏಪ್ರಿಲ್. ಊದಿದರೂ ಬಿಸಿಯನ್ನೇ ಊದಬೇಕು.

ಇಲ್ಲದ ನೀರಿಗೆ ಇಷ್ಟು ಕಾವು,
ಇರುವ ನೀರೇ ಬೇಕು ಇದಕ್ಕೆ, ಅಂದಳು ಪ್ರಫುಲ್ಲ.
ಸಾಲ ಮಾಡಿ ತರಿಸಿದೆವು:
ತಾಮ್ರದ ಬ್ಲಾಕು, ಮುಷ್ಟಿಯಷ್ಟು ಪಂಪು,
ಆಸ್ಪತ್ರೆಯ ಡ್ರಿಪ್ಪಿನ ಅಣ್ಣನಂಥ ಪೈಪು,
ಮತ್ತು ಕೊರಿಯರಿನವನು ಎಸೆದ ರಭಸಕ್ಕೆ
ಮೂಲೆ ಜಜ್ಜಿದ ರೇಡಿಯೇಟರು.
ವಾಪಸು ಕಳಿಸಿದರೆ ಮೂರು ವಾರ.
ಅವರು ಕೇಳಿದ್ದು ಸೋಮವಾರ.

ಸಾಗರ ರಸ್ತೆ, ಆಟೋ ಕಾಂಪ್ಲೆಕ್ಸು. ಜಬೀವುಲ್ಲಾ ಸಾಬರು
ಲಾರಿ ರೇಡಿಯೇಟರುಗಳ ನಡುವೆ ಕೂತು ಅದನ್ನು
ಎರಡಂಗೈ ಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು.
“ಯಾವ ಲಾರಿ ಹಡೆದಿದ್ದಮ್ಮಾ ಇದನ್ನ?”
ಕಂಪ್ಯೂಟರಿಗೆ ಅಂದೆ. ನಂಬಲಿಲ್ಲ. “ಎಷ್ಟು ಸಿ.ಸಿ.?”
ಇಂಜಿನ್ನಿಲ್ಲ, ಓಡೋದೂ ಇಲ್ಲ,
ಕೂತಲ್ಲೇ ಕೂತು ಕಾಯುತ್ತೆ ಅಂದೆ.
“ನಮ್ಮ ಮಾವನ ಥರ.”

ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಗಾಳಿ ಬಿಟ್ಟು
ಟಬ್ಬಿನಲ್ಲಿ ಮುಳುಗಿಸಿದರು. ಏನೂ ಇಲ್ಲ.
ಆಮೇಲೆ ಮೂಲೆಯಿಂದ ಒಂದು ಗುಳ್ಳೆ,
ಸಾಸಿವೆಗಿಂತ ಸಣ್ಣದು. ಇನ್ನೊಂದು.
“ಸಿಕ್ಕಿದ ಕಳ್ಳ. ತಾಮ್ರ ಅಲ್ವಾ, ಬದುಕುತ್ತೆ.”
ಒಂದು ಹನಿ ಬೆಸುಗೆ. ನೂರೈವತ್ತು ರೂಪಾಯಿ.
ಬೋರಿನ ನೀರು ಹಾಕಬೇಡಿ, ಉಪ್ಪು ಕೂರುತ್ತೆ ಎಂದು
ಬ್ಯಾಟರಿ ನೀರಿನ ಎರಡು ಬಾಟಲಿ ಕೈಗಿಟ್ಟರು.

ರಾತ್ರಿಯಿಡೀ ಪಂಪು ಮಾತ್ರ ಓಡಿಸಿ
ಕೆಳಗೆಲ್ಲಾ ಟಿಶ್ಯೂ ಹಾಸಿ ಕೂತೆವು.
ಜ್ವರದ ಮಗುವಿನ ಪಕ್ಕ ಕೂತ ಹಾಗೆ ಎಂದು ಬರೆಯಬಹುದು.
ಸುಳ್ಳು. ಒಲೆಯ ಮೇಲೆ ಹಾಲಿಟ್ಟವರ ಹಾಗೆ ಕೂತಿದ್ದೆವು,
ಕಣ್ಣು ತೆಗೆದ ಕ್ಷಣವೇ ಅದು ಉಕ್ಕುತ್ತದೆಂದು ಗೊತ್ತಿದ್ದವರ ಹಾಗೆ.
ಮೂರು ಗಂಟೆಗೆ ಟಿಶ್ಯೂವಿನ ಒಂದಂಚು ಒದ್ದೆ.
ಎದೆ ಧಸಕ್ಕೆಂದಿತು. ಮೂಸಿ ನೋಡಿದರೆ
ಪ್ರಫುಲ್ಲಳ ಮಜ್ಜಿಗೆ.

ಶನಿವಾರ ಬೆಳಿಗ್ಗೆ ಕಾರ್ಡಿಗೆ ಕೆಲಸ ಕೊಟ್ಟೆವು.
ಐವತ್ತಾರಕ್ಕೆ ಏರಿ, ಅಲ್ಲೇ ನಿಂತಿತು.
ಕಾವು ಎಲ್ಲಿಗೂ ಹೋಗಿರಲಿಲ್ಲ. ನೀರು ಅದನ್ನು ಹೊತ್ತು ತಂದು
ರೇಡಿಯೇಟರಿನ ತೆಳು ತಗಡುಗಳಲ್ಲಿ ಹರವಿ
ನಮ್ಮಿಬ್ಬರ ಮುಖಕ್ಕೇ ಊದಿಸುತ್ತಿತ್ತು.
ತಣ್ಣೀರನ್ನೂ ತಣಿಸಿ ಕುಡಿ ಎನ್ನುತ್ತಿದ್ದ ಅಜ್ಜಿಗೆ
ಇದನ್ನು ತೋರಿಸಬೇಕಿತ್ತು: ಯಾರೂ ಕುಡಿಯದ,
ತಣಿಸುವುದೊಂದೇ ಕಸುಬಿನ ಅರ್ಧ ಲೀಟರು
ಬಂದ ದಾರಿಯಲ್ಲೇ ಮತ್ತೆ ಮತ್ತೆ ಹೋಗುತ್ತಾ.
ಅದರ ಮಗ್ಗುಲಲ್ಲೇ, ಒಳಗೆ, ಕೋಟಿ ಹನಿ
ಯಾವುದನ್ನೂ ಒದ್ದೆ ಮಾಡದೆ ಧುಮುಕುತ್ತಿದ್ದವು.

ಭಾನುವಾರ ಸಂಜೆ, ಅರ್ಧ ಷಟರ್ ಎಳೆದಿದ್ದ ಸಾಬರಿಗೆ
ಫೋನಿನಲ್ಲಿ ತೋರಿಸಿದೆ.
ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು
ನಲವತ್ತು ಸೆಕೆಂಡೂ ನೋಡಿದರು. ಇನ್ನೊಂದ್ಸಲ ಹಾಕು ಅಂದರು.
ಹಾಕಿದೆ. ಮೂವತ್ತೊಂದನೆಯ ಸೆಕೆಂಡಿಗೆ
ಮಸಿ ಹಿಡಿದ ಉಗುರು ಗಾಜಿನ ಮೇಲೆ ನಿಂತಿತು.
“ನೀರು ಚೆನ್ನಾಗಿದೆ. ಟ್ಯಾಂಕು ಸೋರ್ತಿದೆ.”

ಹೌದು.
ತಳದಂಚಿನಲ್ಲಿ, ಗೋಡೆಯನ್ನು ನಾನು ತೆಳುವಾಗಿ ಎಳೆದ ಕಡೆ
ಏಳೆಂಟು ಹನಿ, ಲೆಕ್ಕ ತಪ್ಪಿಸಿಕೊಂಡು
ಆಚೆ ಬಂದು ನಿಂತಿದ್ದವು.

ಬಸ್ಸಿನಿಂದಲೇ ಪ್ರಫುಲ್ಲಳಿಗೆ ಫೋನು ಮಾಡಿದೆ:
ಗೋಡೆ ದಪ್ಪ ಮಾಡು. ಇವತ್ತೂ ನಿದ್ದೆಯಿಲ್ಲ.
ಮಜ್ಜಿಗೆ ಲೋಟ ದೂರ ಇಡು.