ನಿಂತುಹೋದ ಸಾಲು

ಪ್ರಾಣಿಶಾಸ್ತ್ರ ವಿಭಾಗದ ಕೆಂಪು ಗಾರೆನೆಲ ಒಡೆಯುತ್ತಿದ್ದಾರೆ.
ಮ್ಯೂಸಿಯಂ ಖಾಲಿ ಮಾಡಿ ಎಂದಿದೆ ಕಚೇರಿ:
ಉಳಿಸುವುದಕ್ಕೊಂದು ಪಟ್ಟಿ, ಎಸೆಯುವುದಕ್ಕೊಂದು,
ಶನಿವಾರದೊಳಗೆ.
ಫಾರ್ಮಲಿನ್ ಬತ್ತಿದ ಜಾಡಿಗಳ ಹಿಂದೆ
ಬಿಸ್ಕತ್ತಿನ ತಗಡುಡಬ್ಬಿಯಲ್ಲಿ, ಹಳದಿಗಟ್ಟಿದ ಹತ್ತಿಯ ಮೇಲೆ,
ನಮೂನೆ ಇನ್ನೂರ ಹನ್ನೆರಡು.

ಚೀಟಿಯಲ್ಲಿ ಆರೋಗ್ಯಸ್ವಾಮಿಯವರ ಕೈಬರಹ
(ನಾನು ಸೇರುವ ಮೊದಲೇ ನಿವೃತ್ತರಾದ ಅಟೆಂಡರ್,
ಅಕ್ಷರದಲ್ಲಷ್ಟೇ ಪರಿಚಯ):
ಕಡಲ ಮುಳ್ಳುಹಂದಿ. ಮಂಡಪಂ ತೀರ. ೧೯೭೧ರ ಪ್ರವಾಸ.
ಕೆಳಗೆ ಬೇರೆ ಶಾಯಿ, ಬೇರೆ ಯಾರದೋ ಅವಸರ:
ದೋಷಯುಕ್ತ. ತರಗತಿಗೆ ಬಳಸತಕ್ಕದ್ದಲ್ಲ.

ಮುಳ್ಳಿಲ್ಲ. ಸತ್ತ ಕೆಲವೇ ದಿನಕ್ಕೆ ಉದುರಿಹೋಗುತ್ತವೆ.
ಉಳಿದದ್ದು ದಪ್ಪ ನಿಂಬೆಯಷ್ಟು ಒಂದು ಬುರುಡೆ.
ಬುರುಡೆಯೂ ಅಲ್ಲ; ನೂರಾರು ಸುಣ್ಣದ ಬಿಲ್ಲೆ
ಅಂಚಿಗೆ ಅಂಚು ಕೂತು ತಾವೇ ಕಟ್ಟಿಕೊಂಡ ಗುಮ್ಮಟ.
ಮುಳ್ಳು ತಿರುಗುತ್ತಿದ್ದ ಗುಬುಟುಗಳು,
ನೀರುಗಾಲು ಇಣುಕುತ್ತಿದ್ದ ಜೋಡಿ ಕಿಂಡಿಗಳು.
ಟ್ಯೂಬ್‌ಲೈಟಿಗೆ ಹಿಡಿದರೆ
ಒಳಗಿನಿಂದ ಯಾರೋ ದೀಪ ಹಚ್ಚಿದ ಹಾಗೆ.

ನಾನು ಪಾಠ ಮಾಡುವುದು ಹೀಗೆ:
ಕಾಲಿರುವ ಪಟ್ಟೆ ಐದು, ಕಾಲಿಲ್ಲದ ಪಟ್ಟೆ ಐದು,
ಪಟ್ಟೆಗೆರಡು ಸಾಲು, ಒಟ್ಟು ಇಪ್ಪತ್ತು.
ಹೊಸ ಬಿಲ್ಲೆ ಹುಟ್ಟುವುದು ನೆತ್ತಿಯಲ್ಲಿ, ಕಣ್ಣುಬಿಲ್ಲೆಯ ಮಗ್ಗುಲಲ್ಲಿ;
ಹಳೆಯದು ಕೆಳಗೆ ಬಾಯಿಯತ್ತ ಜರುಗುತ್ತದೆ.
ಹಾಗಾಗಿ ಕೆಳಗಿನಿಂದ ಓದಿ.
ಬಾಯಿಯ ಬಳಿ ಬಾಲ್ಯ, ನೆತ್ತಿಯಲ್ಲಿ ನಿನ್ನೆ.
ಬರೆದುಕೊಳ್ಳಿ, ಐದು ಅಂಕಕ್ಕೆ ಬರುತ್ತದೆ.

ಇದರಲ್ಲೂ ಹೊರಡುತ್ತವೆ ಐದೂ ಪಟ್ಟೆ, ಬಾಯಿಂದ, ನೆಟ್ಟಗೆ.
ನಡುವಿಗೆ ಬರುವಷ್ಟರಲ್ಲಿ ಒಂದು ತಡವರಿಸಿ,
ಬಿಲ್ಲೆ ಕಿರಿದಾಗಿ, ಅಡ್ಡಾದಿಡ್ಡಿ ಮೂರು ಚೂರಾಗಿ
ನಿಂತುಬಿಟ್ಟಿದೆ.
ನೆತ್ತಿಯಲ್ಲಿ ಕಣ್ಣುಬಿಲ್ಲೆ ನಾಲ್ಕೇ.
ಏನು ಕಚ್ಚಿತೋ, ಯಾವ ಬಂಡೆ ಬಡಿಯಿತೋ,
ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಟೈಲ್ಸಿನ ಸಾಬಣ್ಣ ಬಂದ, ಸುರಪುರದ ಕಡೆಯವನು,
ಕೈಯಲ್ಲಿ ರಸಮಟ್ಟ, ಕಿವಿಯ ಮೇಲೆ ಪೆನ್ಸಿಲ್.
"ಮೇಜು ಸರಸ್ರಿ ಮೇಡಂ" ಅಂದವನು ಬಗ್ಗಿ ನೋಡಿದ.
"ಮುಟ್ಲೇನ್ರಿ?"
ಸಿಮೆಂಟಿನ ಕೈ ಅಂಗಿಗೆ ಒರೆಸಿಕೊಂಡ.
ಸಾಲಿನ ಮೇಲೆ ಉಗುರು ಓಡಿಸುತ್ತ ಹೋಗಿ
ಅದು ನಿಂತಲ್ಲೇ ನಿಂತ.
"ಇಲ್ಲಿ ಮಾಲು ಖಾಲಿ ಆಗ್ಯಾದ."
ಹೊರಗೆ ಮೆಟ್ರೋ ಸುರಂಗದ ಯಂತ್ರ ಗುಡುಗಿತು,
ಜಾಡಿಗಳು ಒಂದನ್ನೊಂದು ತಾಗಿ ಕಿಣಿಗುಟ್ಟಿದವು.
"ಆದ್ರ ಸಂದು ಎಲ್ಲ್ಯದ ತೋರಸ್ರಿ?
ಆಚೀಚಿ ಕಲ್ಲು ಅಗಲ ಮಾಡ್ಕೊಂಡಾನ ನೋಡ್ರಿ.
ಗುಂಡಗಿನ ಮ್ಯಾಲ ಹಿಂಗ ಕೂಡ್ಸೋದು
ನಮ್ಮಪ್ಪನ ಕೈಲೂ ಆಗಂಗಿಲ್ಲ."

ಹದಿನೆಂಟು ವರ್ಷ ಈ ಡಬ್ಬಿ ತೆರೆದು ಮುಚ್ಚಿದ್ದೇನೆ.
ನಿಂತ ಸಾಲನ್ನೇ ತೋರಿಸಿದ್ದೇನೆ ಒಬ್ಬಿಬ್ಬರಿಗೆ,
ಮನೆಯ ಗುಟ್ಟು ಹೇಳುವವಳ ಹಾಗೆ.
ಪಕ್ಕದ ಸಾಲುಗಳನ್ನು ಅಳೆದೇ ಇರಲಿಲ್ಲ.
ವರ್ನಿಯರ್ ಹುಡುಕಿ ತಂದೆ.
ಬೇರೆ ಕಡೆಯ ಬಿಲ್ಲೆ ಏಳು ಮಿಲಿಮೀಟರು,
ಗಾಯದ ಮಗ್ಗುಲಿನದು ಹತ್ತೂವರೆ.
ಸಾಲು ನಿಂತ ಮೇಲೂ ಅದು ಕಟ್ಟಿದ ಸುತ್ತು ಎಣಿಸಿದೆ:
ಹನ್ನೊಂದು.

ಮೇಜಿನ ಮೇಲಿಟ್ಟರೆ ಒಂದು ಕಡೆ ವಾಲುತ್ತದೆ, ನಿಜ.
ಸಾಬಣ್ಣ ಪಕ್ಕದಲ್ಲಿ ರಸಮಟ್ಟ ಇಟ್ಟು ನೋಡಿದ,
"ಮೇಜೂ ವಾಲ್ಯಾದ ಬಿಡ್ರಿ" ಅಂದು,
ಮೂಲೆಗೆ ಒಂದು ಬಾಕ್ಸ್ ಟೈಲ್ಸ್ ಕಮ್ಮಿ ಬೀಳುತ್ತದೆಂದು
ಮೇಸ್ತ್ರಿಯನ್ನು ಬೈಯುತ್ತ ಹೊರಟ.

ಎಸೆಯುವ ಪಟ್ಟಿಯಲ್ಲಿ ಇನ್ನೂರ ಹನ್ನೊಂದು,
ಅದರ ಕೆಳಗೆ ಇನ್ನೂರ ಹದಿಮೂರು.
ಉಳಿಸುವ ಪಟ್ಟಿಯಲ್ಲೂ ಅದಿಲ್ಲ.
ಅಕ್ಷರ ತುಸು ಅಗಲ ಮಾಡಿ ಬರೆದಿದ್ದೇನೆ,
ಸಂದು ಕಾಣುವುದಿಲ್ಲ.

ಸಂಜೆಯ ಬಸ್ಸಿನಲ್ಲಿ ಮಡಿಲ ಮೇಲೆ ಬಿಸ್ಕತ್ತಿನ ಡಬ್ಬಿ.
ತನ್ನ ಕಡಲಿಗಿಂತ ಮೂರು ಸಾವಿರ ಅಡಿ ಮೇಲೆ,
ಮಿನರ್ವ ಸರ್ಕಲ್ಲಿನ ಗುಂಡಿಗೆ ಚಕ್ರ ಇಳಿದಾಗ
ಎರಡೂ ಕೈಯಲ್ಲಿ ಹಿಡಿದುಕೊಂಡೆ.
"ಮೊಟ್ಟೆನಾ?" ಅಂದಳು ಪಕ್ಕದವಳು.
ಹೂಂ ಅಂದೆ.